ಲ್ಯಾಪ್‌ಟಾಪ್ ಬದಲಾಯಿಸುವ ಹಿರಿಯರೇ, ಮೊದಲು ಗಂಟು ಇಳಿಸಿಕೊಳ್ಳಿ!

ದಾವಣಗೆರೆ: ದೀಪಾವಳಿ ಬಂತೆಂದರೆ ಚೌಕಿಪೇಟೆ, ಮಂಡಿಪೇಟೆಯ ಅಂಗಡಿಗಳಲ್ಲಿ ಹಳೇ ಲೆಕ್ಕ ಮುಚ್ಚಿ ಹೊಸ ಪುಸ್ತಕಕ್ಕೆ ಪೂಜೆ ಮಾಡುವುದು ಹಿಂದಿನಿಂದ ಬಂದ ವಾಡಿಕೆ. 2025ರ ದೀಪಾವಳಿಗೆ ಇನ್ನೂ ಒಂದು ವಾರ ಇರುವಾಗಲೇ, ಅಕ್ಟೋಬರ್ 14ರಂದು, ಸಮುದ್ರದಾಚೆಯ ಮೈಕ್ರೋಸಾಫ್ಟ್ ಕಂಪನಿಯೂ ತನ್ನ ಒಂದು ಹಳೇ ಲೆಕ್ಕ ಮುಚ್ಚಿತು. 2015ರ ಜುಲೈನಲ್ಲಿ ಹೊರಬಂದಿದ್ದ ವಿಂಡೋಸ್ 10 ಎಂಬ ವ್ಯವಸ್ಥೆಗೆ ಇನ್ನು ಮೇಲೆ ಮಾಮೂಲಿ ರಿಪೇರಿ ಇಲ್ಲ ಎಂದು ಕೈ ತೊಳೆದುಕೊಂಡಿತು.

ಅಲ್ಲಿ ಅವರು ಕೈ ತೊಳೆದುಕೊಂಡರು. ಇಲ್ಲಿ ನಮ್ಮೂರಿನ ಅರವತ್ತು ದಾಟಿದವರು ತಲೆ ಮೇಲೆ ಕೈ ಹೊತ್ತುಕೊಂಡರು!

ಹಾಗೆಂದು ಯಾರ ಲ್ಯಾಪ್‌ಟಾಪೂ ಅವತ್ತು ನಿಂತುಹೋಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಎಂದಿನಂತೆ ಹತ್ತಿಕೊಂಡಿತು. ಆದರೆ ಬೀಗದ ಕಥೆ ಬೇರೆ. ಕಳ್ಳರು ಹೊಸ ಹೊಸ ಕಳ್ಳಕೀಲಿ ಮಾಡಿದಂತೆಲ್ಲ ಕಂಪನಿಯವರು ತಿಂಗಳಿಗೊಮ್ಮೆ ಬೀಗ ಭದ್ರ ಮಾಡಿ ಕಳಿಸುತ್ತಿದ್ದರು. ಅದು ನಿಂತಿತು. ಬಾಗಿಲು ಹಾಕಿಕೊಳ್ಳುತ್ತದೆ, ಚಿಲಕವೂ ಬೀಳುತ್ತದೆ. ಬೀಗ ಕೆಟ್ಟರೆ ಮಾತ್ರ ಕೇಳುವವರಿಲ್ಲ. ಮನೆಯೊಳಗೆ ಏನೂ ಇಲ್ಲದವನಿಗೆ ಇದರಿಂದ ಭಯವಿಲ್ಲ. ಬ್ಯಾಂಕಿನ ವ್ಯವಹಾರ, ಅಂಗಡಿಯ ಖಾತೆ, ಮಕ್ಕಳ ಫೋಟೋ ಎಲ್ಲಾ ಅದರೊಳಗೇ ಇಟ್ಟವನು ಏನು ಮಾಡಬೇಕು?

"ಹತ್ತು ವರ್ಷದಿಂದ ಚಲೋ ನಡಕೊಂಡು ಬಂದೈತೆ. ಈಗೇನು ಬಂತ್ರೀ ಇದಕ್ಕೆ ರೋಗ?" ಇದು ರಿಪೇರಿ ಅಂಗಡಿಗಳಲ್ಲಿ ಕೇಳಿಬರುವ ಪ್ರಶ್ನೆ. ಕೌಂಟರಿನ ಆಚೆ ಕೂತ ಹುಡುಗರದು ಒಂದೇ ಉತ್ತರ: "ಹೊಸದು ತಗೊಳ್ರಿ ಯಜಮಾನ್ರೇ."

ಹೊಸದು ತಗೊಳ್ಳೋದು ದೊಡ್ಡ ವಿಷಯವಲ್ಲ. ಯಾವುದು ತಗೊಳ್ಳೋದು, ಹಳೇದರಲ್ಲಿ ಇದ್ದದ್ದನ್ನು ಏನು ಮಾಡೋದು ಎಂಬುದೇ ವಿಷಯ. ಅದನ್ನು ಹೇಳುವ ವ್ಯವಧಾನ ಕೌಂಟರಿನಲ್ಲಿ ಯಾರಿಗೂ ಇಲ್ಲ.

ಗೇಟಿನಲ್ಲೇ ತಡೆದರು

ಹೀಗೆ ಲೆಕ್ಕ ಮುಚ್ಚಿದ್ದು ಇದೇ ಮೊದಲ ಸಲವಲ್ಲ. ವಿಂಡೋಸ್ ಎಕ್ಸ್‌ಪಿ ಎಂಬುದಕ್ಕೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಇದೇ ಗತಿ ಬಂತು. ಆದರೆ ವಿಂಡೋಸ್ 7 ಇದ್ದ ಎಷ್ಟೋ ಲ್ಯಾಪ್‌ಟಾಪುಗಳು 10ಕ್ಕೆ ಹೊಂದಿಕೊಂಡವು. ಅಂಗಡಿಗೆ ಒಯ್ದು ಹಾಕಿಸಿಕೊಂಡು ಬಂದರೆ ಮುಗಿಯಿತು.

ಈ ಸಲ ಗೇಟಿನಲ್ಲೇ ತಡೆದಿದ್ದಾರೆ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ಕ್ಕೆ ಷರತ್ತುಗಳಿವೆ. ಒಳಗೆ ಟಿಪಿಎಂ 2.0 ಎಂಬ, ಗುಟ್ಟಿನ ಕೀಲಿಗಳನ್ನು ಕಾಯುವ ವ್ಯವಸ್ಥೆ ಇರಬೇಕು. ಇಂಟೆಲ್ ಕಂಪನಿಯ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದೋ ಅದಕ್ಕಿಂತ ಈಚಿನದೋ ಆಗಿರಬೇಕು. ಎಂಟನೇ ತಲೆಮಾರು ಪೇಟೆಗೆ ಬಂದದ್ದೇ 2017ರಲ್ಲಿ. ಹಾಗಾಗಿ 2016ರಲ್ಲಿ ಕೊಂಡ ಲ್ಯಾಪ್‌ಟಾಪ್ ಎಷ್ಟೇ ಗಟ್ಟಿಮುಟ್ಟಾಗಿರಲಿ, ಅದಕ್ಕೆ ಟಿಕೆಟ್ ಇಲ್ಲ.

ಒಂದು ವಾಯಿದೆಯನ್ನು ಮಾತ್ರ ಕೊಟ್ಟರು. ಕಂಪನಿಯ ಖಾತೆಯಿಂದ ಒಳಗೆ ಹೋಗಿ ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಬೀಗ ರಿಪೇರಿ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ ಎಂದು 2025ರಲ್ಲಿ ಪ್ರಕಟಿಸಿದರು. ವಾಯಿದೆ ಅಂದರೆ ವಾಯಿದೆಯೇ. ಪೇಟೆಯವರಿಗೆ ಅದರ ಅರ್ಥ ಹೇಳಿಕೊಡಬೇಕಾಗಿಲ್ಲ.

ಮೇಷ್ಟ್ರ ಹಾಡುಗಳು ಮಾಯ!

ಈಗ ಊರಿನ ಒಬ್ಬ ನಿವೃತ್ತ ಮೇಷ್ಟ್ರ ಪ್ರಸಂಗ ಕೇಳಿ. ವಯಸ್ಸು ಎಪ್ಪತ್ತರ ಹತ್ತಿರ. ಪ್ರಾಯದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಕನ್ನಡ ಟೈಪಿಂಗ್ ಕಲಿತವರು. ಕಂಪ್ಯೂಟರ್ ಬಂದ ಮೇಲೆ ನುಡಿ ತಂತ್ರಾಂಶದಲ್ಲಿ ಕೈ ಪಳಗಿಸಿಕೊಂಡವರು. ಹಳ್ಳಿ ಹಳ್ಳಿ ತಿರುಗಿ, ಹೊಲಗೆಲಸದ ಹೆಣ್ಣುಮಕ್ಕಳ ಬಾಯಿಂದ ಬೀಸುವ ಹಾಡು, ಸೋಬಾನೆ ಪದ, ಮಳೆರಾಯನ ಹಾಡು ಬರೆದುಕೊಂಡು ಬಂದು, ರಾತ್ರಿ ಕೂತು ಒಂದೊಂದೇ ಟೈಪ್ ಮಾಡಿದವರು. ಹದಿನೆಂಟು ವರ್ಷದ ದುಡಿಮೆ. ಹಾಡಿದ ಅಜ್ಜಿಯರಲ್ಲಿ ಈಗ ಒಬ್ಬರೂ ಉಳಿದಿಲ್ಲ.

ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಿಡಿಸಲಿಲ್ಲ. ಬೆಂಗಳೂರಿನಲ್ಲಿರುವ ಮಗ ಅಪ್ಪನಿಗೆಂದು ಆಪಲ್ ಕಂಪನಿಯ ಮ್ಯಾಕ್ ತಂದುಕೊಟ್ಟ. ಬೆಳ್ಳಿ ತಟ್ಟೆಯ ಹಾಗೆ ಫಳಫಳ. ಕಡತಗಳನ್ನೆಲ್ಲ ಪೆನ್‌ಡ್ರೈವಿನಿಂದ ಅದಕ್ಕೆ ಹಾಕಿಕೊಟ್ಟು ಭಾನುವಾರ ರಾತ್ರಿ ಬಸ್ಸಿಗೆ ಹೋದ. ಸೋಮವಾರ ಬೆಳಿಗ್ಗೆ ಮೇಷ್ಟ್ರು ಮೊದಲ ಕಡತ ತೆರೆದರೆ, ಕನ್ನಡದ ಒಂದಕ್ಷರವೂ ಇಲ್ಲ! ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಕೊನೆಗೊಂದು ಕ್ಯೂ. ಎರಡನೆಯ ಕಡತವೂ ಹಾಗೇ. ಮುನ್ನೂರು ಹಾಡೂ ಹಾಗೇ.

ಮೇಷ್ಟ್ರು ಅವತ್ತು ಊಟ ಮಾಡಲಿಲ್ಲ. ಮಗನಿಗೆ ಫೋನು ಮಾಡಿ ಬೈಯ್ಯಲೂ ಇಲ್ಲ. ಪ್ರೀತಿಯಿಂದ ಕೊಟ್ಟವನಿಗೆ ಏನಂತ ಹೇಳೋದು?

ಆ ಅಜ್ಜಿಯರ ಹಾಡು ನಿಜವಾಗಿ ಹಾಳಾಗಿರಲಿಲ್ಲ. ಕಾರಣ ಇಷ್ಟೇ. ಕಂಪ್ಯೂಟರಿಗೆ ಮೊದಲು ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಕೋಷ್ಟಕ. ನಮ್ಮವರು ಆ ಕೋಷ್ಟಕದ ಮನೆಗಳಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದರು. ಪಿ ಇರುವ ಮನೆಯಲ್ಲಿ ಕಕಾರದ ಮೈ, ಗೀಟಿನ ಎ ಇರುವ ಕಡೆ ತಲೆಕಟ್ಟು, ಪೌಂಡಿನ ಜಾಗದಲ್ಲಿ ನಕಾರ. ಆ ಅಕ್ಷರವಿನ್ಯಾಸ, ಅಂದರೆ ಫಾಂಟ್, ಮಷೀನಿನಲ್ಲಿ ಇದ್ದರೆ 'ಕನ್ನಡ' ಎಂದು ಕಾಣುತ್ತದೆ. ಇಲ್ಲದಿದ್ದರೆ ಒಳಗಿನ ಬಾಡಿಗೆದಾರರು ಬಟ್ಟೆ ಕಳಚಿ ಇಂಗ್ಲಿಷಿನಲ್ಲೇ ನಿಲ್ಲುತ್ತಾರೆ. ಹಳೇ ಲ್ಯಾಪ್‌ಟಾಪಿನಲ್ಲಿ ಫಾಂಟ್ ಇತ್ತು, ಹೊಸದರಲ್ಲಿ ಇರಲಿಲ್ಲ.

ಇದಕ್ಕೆ ಯಾರನ್ನೂ ದೂರಬೇಕಾಗಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ' ತಂದರು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ'ಯನ್ನು ರಾಜ್ಯ ಸರಕಾರವೇ ಪುಕ್ಕಟೆ ಹಂಚಿತು. ಇವೆರಡೂ ಇಲ್ಲದಿದ್ದರೆ ತಾಲೂಕು ಕಚೇರಿಯಿಂದ ಹಿಡಿದು ಲಗ್ನಪತ್ರಿಕೆ ಅಚ್ಚು ಹಾಕುವ ಡಿಟಿಪಿ ಅಂಗಡಿಯವರೆಗೆ ಕನ್ನಡದಲ್ಲಿ ಕಂಪ್ಯೂಟರ್ ಕೆಲಸ ಅಷ್ಟು ಬೇಗ ಆಗುತ್ತಿರಲಿಲ್ಲ. ಆದರೆ ಅದು ಅಂದಿನ ಏರ್ಪಾಡು. ಜಗತ್ತಿನ ಎಲ್ಲ ಲಿಪಿಗಳಿಗೂ ಸ್ವಂತ ಮನೆ ಕೊಟ್ಟ ಯೂನಿಕೋಡ್ ಎಂಬ ಕೋಷ್ಟಕ 1991ರಲ್ಲಿ ಹೊರಬಂದಾಗಲೇ ಅದರಲ್ಲಿ ಕನ್ನಡಕ್ಕೂ ಜಾಗವಿತ್ತು. ಅದು ಸಾಮಾನ್ಯ ಜನರ ಮಷೀನುಗಳಿಗೆ ಇಳಿದು ಬರುವ ಹೊತ್ತಿಗೆ ನಮ್ಮ ಮಂದಿ ಹಳೇ ಪದ್ಧತಿಯಲ್ಲಿ ರಾಶಿ ರಾಶಿ ಬರೆದಾಗಿತ್ತು.

ಯೂನಿಕೋಡಿನಲ್ಲಿ ಬರೆದ ಕನ್ನಡವನ್ನು ಇಂದಿನ ಯಾವ ಲ್ಯಾಪ್‌ಟಾಪಿಗೆ ಹಾಕಿದರೂ, ಫೋನಿಗೆ ಕಳಿಸಿದರೂ, ಅದು ಕನ್ನಡವಾಗಿಯೇ ಇರುತ್ತದೆ. ಹಳೇ ಫಾಂಟಿನದು ಹಾಗಲ್ಲ.

ಮೇಷ್ಟ್ರ ಪುಣ್ಯಕ್ಕೆ ಹಳೇ ಲ್ಯಾಪ್‌ಟಾಪ್ ಇನ್ನೂ ಮನೆಯಲ್ಲೇ ಇತ್ತು. ಪರಿಚಯದ ಡಿಟಿಪಿ ಹುಡುಗನೊಬ್ಬ ಬಂದು ನೋಡಿದ. "ಏನೂ ಹೋಗಿಲ್ಲ ಸರ್, ಹೆದರಬ್ಯಾಡ್ರಿ" ಅಂದ. ನುಡಿಯಲ್ಲೇ ಇರುವ ಪರಿವರ್ತಕದಿಂದ ಹಳೇ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ವಿಧಾನ ತೋರಿಸಿಕೊಟ್ಟ. ಬರಹದಲ್ಲಿ ಬರೆದವರಿಗೆ ಅದರಲ್ಲೂ ಅಂಥ ಪರಿವರ್ತಕ ಇದೆ. ತಿರುಗಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೈಕೊಡುತ್ತವೆ, ಕಣ್ಣಿಟ್ಟು ತಿದ್ದಬೇಕು. ಮೇಷ್ಟ್ರಿಗೆ ಮೂರು ವಾರ ಹಿಡಿಯಿತು. "ತಮ್ಮಾ, ಈ ನೆಪದಲ್ಲಿ ಎಲ್ಲಾ ಹಾಡು ಇನ್ನೊಮ್ಮೆ ಓದಿದಂಗಾತು" ಅಂದರಂತೆ. ಹಳೇ ಲ್ಯಾಪ್‌ಟಾಪನ್ನು ಮಗ ಅವತ್ತೇ ವಿನಿಮಯಕ್ಕೆ ಕೊಟ್ಟು ಬಂದಿದ್ದರೆ?

ಹರಪನಹಳ್ಳಿ ಬಸ್ಸಿನಿಂದ ಇಳಿದು ಚನ್ನಗಿರಿ ಬಸ್ಸು ಹತ್ತುವವರು ಮೊದಲು ಏನು ಮಾಡುತ್ತಾರೆ? ಮೇಲಿಟ್ಟ ಗಂಟು ಇಳಿಸಿಕೊಳ್ಳುತ್ತಾರೆ. ಎಣಿಸಿ ನೋಡುತ್ತಾರೆ. ಆಮೇಲೆ ಮುಂದಿನ ಬಸ್ಸಿನ ಬೋರ್ಡು ಓದುತ್ತಾರೆ. ಲ್ಯಾಪ್‌ಟಾಪ್ ಅಂಗಡಿಗೆ ಹೋದಾಗ ಮಾತ್ರ ನಮ್ಮವರು ಮೊದಲು ಬಸ್ಸು ಹತ್ತಿ, ಆಮೇಲೆ ಗಂಟಿಗೆ ಹುಡುಕುತ್ತಾರೆ.

ಸಾಹುಕಾರರ ಖತಾವಣಿ

ಬರೆಯುವವರ ಗಂಟು ಅಕ್ಷರ. ವ್ಯಾಪಾರಸ್ಥರ ಗಂಟು ಲೆಕ್ಕ. ಕಿರ್ದಿ, ಖತಾವಣಿ ಹೋಗಿ ಟ್ಯಾಲಿ ಬಂದು ಎಷ್ಟೋ ಕಾಲವಾಯಿತು. 1986ರಲ್ಲಿ ನಮ್ಮ ಬೆಂಗಳೂರಿನಲ್ಲೇ ಗೋಯೆಂಕಾ ತಂದೆ-ಮಗ ಶುರು ಮಾಡಿದ ಉದ್ಯಮ ಅದು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲಂತೂ ಅದು ಗೊತ್ತಿರದ ಗುಮಾಸ್ತನಿಗೆ ಕೆಲಸ ಸಿಗುವುದು ಕಷ್ಟ.

ಟ್ಯಾಲಿ ವಿಂಡೋಸ್ ಮೇಲೆ ನಡೆಯುವಂಥದ್ದು. ಮ್ಯಾಕ್ ಮೇಲಾಗಲಿ, ಲಿನಕ್ಸ್ ಮೇಲಾಗಲಿ ನೇರವಾಗಿ ನಡೆಯುವಂತೆ ಅದನ್ನು ಮಾಡಿಲ್ಲ. ಅಳಿಯ ಅಮೆರಿಕದಿಂದ ಮ್ಯಾಕ್ ತಂದುಕೊಟ್ಟ ಎಂದು ಗಲ್ಲಾಪೆಟ್ಟಿಗೆ ಪಕ್ಕ ಇಟ್ಟುಕೊಂಡ ಬಟ್ಟೆ ಅಂಗಡಿ ಸಾಹುಕಾರರು, ತಿಂಗಳ ಕೊನೆಗೆ ಲೆಕ್ಕದವನು ಬಂದಾಗ ಮುಖ ಮುಖ ನೋಡಬೇಕಾಗುತ್ತದೆ. ಅಡ್ಡದಾರಿಗಳು ಇವೆ. ಆದರೆ ಅರವತ್ತರ ಮೇಲೆ ಅಂಗಡಿ ನಡೆಸುವವರು ಅಡ್ಡದಾರಿಯಲ್ಲಿ ಯಾಕೆ ಓಡಾಡಬೇಕು? ಟ್ಯಾಲಿ ಇದ್ದವರು ವಿಂಡೋಸಿನಲ್ಲೇ ಉಳಿಯುವುದು ವಾಸಿ.

ಉಳಿಯುವವರೂ ಮೂರು ಮಾತು ಕೇಳಿಯೇ ದುಡ್ಡು ಬಿಚ್ಚಬೇಕು. ಬಿಲ್ಲು ಕೊಡುವ ಪ್ರಿಂಟರ್ ಹೊಸದಕ್ಕೆ ಹೊಂದುತ್ತದೆಯೇ? ಡಿಜಿಟಲ್ ಸಹಿಯ ಟೋಕನ್, ಆ ಬೆರಳುದ್ದದ ಕಡ್ಡಿ, ಅದರಲ್ಲಿ ಕೆಲಸ ಮಾಡುತ್ತದೆಯೇ? ಟ್ಯಾಲಿಯ ಬ್ಯಾಕಪ್ ತೆಗೆದು ಹೊಸದರಲ್ಲಿ ತೆರೆದು ತೋರಿಸುತ್ತೀರಾ? ಮೂರನೆಯದು ಮುಖ್ಯ. ಹಳೇದರ ಬಾಕಿ ಪಟ್ಟಿ, ಹೊಸದರ ಬಾಕಿ ಪಟ್ಟಿ ಎದುರು ಬದುರು ಇಟ್ಟು ಪೈಸೆಗೆ ಪೈಸೆ ತಾಳೆಯಾದ ಮೇಲೆ ಹಳೇದನ್ನು ಮುಚ್ಚಬೇಕು. ಉದ್ರಿ ಕೊಟ್ಟ ಲೆಕ್ಕ ಮಾಯವಾದರೆ ಕೊಳ್ಳೇಗಾಲದ ಮಾಟಗಾರ ಬಂದರೂ ಹಿಂದಕ್ಕೆ ತರಲಾರ!

ನಿಲ್ದಾಣದಲ್ಲಿ ನಾಲ್ಕು ಬಸ್ಸು

ಗಂಟು ಕೈಗೆ ಬಂತು. ಇನ್ನು ಬೋರ್ಡು ಓದೋಣ. ಸದ್ಯಕ್ಕೆ ನಿಂತಿರುವುದು ನಾಲ್ಕು ಬಸ್ಸು.

ಮೊದಲನೆಯದು ವಿಂಡೋಸ್ 11. ಹಳೇ ರೂಟೇ, ಬಸ್ಸು ಹೊಸದು. ಎಡಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿ ನಡುವಿಗೆ ಬಂದು ಕೂತಿದೆ. ಬೇಡವಾದರೆ ಮತ್ತೆ ಮೂಲೆಗೆ ಕಳಿಸಬಹುದು. ಟ್ಯಾಲಿ, ನುಡಿ, ಹಳೇ ಪ್ರಿಂಟರ್ ಇದ್ದವರಿಗೆ ತ್ರಾಸ ಕಡಿಮೆ.

ಎರಡನೆಯದು ಮ್ಯಾಕ್. 1984ರಿಂದ ಇರುವ ವಂಶ. 2020ರ ನವೆಂಬರ್‌ನಿಂದ ಆಪಲ್ ಕಂಪನಿ ಇವುಗಳಿಗೆ ತನ್ನದೇ ಚಿಪ್ಪು ಹಾಕತೊಡಗಿತು. ಒಮ್ಮೆ ಚಾರ್ಜ್ ಮಾಡಿದರೆ ಬಹಳ ಹೊತ್ತು ಬಾಳಿಕೆ, ಕಿವಿಗೆ ಫ್ಯಾನಿನ ಸದ್ದಿಲ್ಲ. ಬೆಲೆ ಮಾತ್ರ ಗಟ್ಟಿ. ಕಿಟಕಿ ಮುಚ್ಚುವ ಗುಂಡಿ ಬಲಕ್ಕಿಲ್ಲ, ಎಡಕ್ಕಿದೆ. ನಕಲು ಮಾಡಲು ಕಂಟ್ರೋಲ್ ಅಲ್ಲ, ಕಮಾಂಡ್ ಎಂಬ ಕೀಲಿ ಒತ್ತಬೇಕು. ತೆಳ್ಳಗಿನ ಮಾದರಿಗಳಲ್ಲಿ ಹಳೇ ಪೆನ್‌ಡ್ರೈವ್ ಸಿಕ್ಕಿಸಲು ತೂತೇ ಇಲ್ಲ. ಅದಕ್ಕೊಂದು ಜೋಡುಪಟ್ಟಿ ಬೇರೆ ಕೊಳ್ಳಬೇಕು. ಕನ್ನಡದ ಫಾಂಟು, ಕನ್ನಡದ ಕೀಲಿಮಣೆ ಅದರಲ್ಲೇ ಬರುತ್ತವೆ. ಆದರೆ ನುಡಿ ರೂಢಿಯಾದ ಬೆರಳು ಸ್ವಲ್ಪ ದಿನ ತಡವರಿಸುತ್ತದೆ.

ಮೂರನೆಯದು ಲಿನಕ್ಸ್. ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ ಶುರು ಮಾಡಿದ್ದು. ಉಬುಂಟು, ಮಿಂಟ್ ಮುಂತಾದ ಹೆಸರುಗಳಲ್ಲಿ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಅಂದಕೂಡಲೇ ಕಳಪೆ ಎಂದು ಮೂಗು ಮುರಿಯಬೇಕಿಲ್ಲ. ಪಕ್ಕದ ಕೇರಳದ ಸರಕಾರಿ ಶಾಲೆಗಳ ಮಕ್ಕಳು ಹತ್ತು ವರ್ಷಕ್ಕೂ ಹೆಚ್ಚಿನಿಂದ ಇದರಲ್ಲೇ ಕಲಿಯುತ್ತಿದ್ದಾರೆ. ವಿಂಡೋಸ್ 11 ಒಳಗೆ ಬಿಡದ ಎಷ್ಟೋ ಹಳೇ ಲ್ಯಾಪ್‌ಟಾಪುಗಳನ್ನು ಇದು ಒಳಗೆ ಕರೆದುಕೊಳ್ಳುತ್ತದೆ. ಹಾಕುವ ಮೊದಲೇ ಪೆನ್‌ಡ್ರೈವಿನಿಂದ ನಡೆಸಿ ನೋಡಲೂ ಬಹುದು; ಹಳೇದು ಹಾಗೇ ಇರುತ್ತದೆ. ಸೀರೆ ಅಂಗಡಿಯಲ್ಲಿ ಸೆರಗು ಹೊದ್ದು ಕನ್ನಡಿ ನೋಡಿದಂತೆ.

ಇದರಲ್ಲಿ ಕನ್ನಡಿಗರಿಗೆ ಒಂದು ಬೋನಸ್ ಇದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಎಲ್ಲರಿಗೂ ರೂಢಿಯಾದ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ 'ಕಗಪ' ಎಂಬ ಹೆಸರಿನಲ್ಲಿ ಸಿಗುತ್ತದೆ. ಕಕಾರಕ್ಕೆ ಕೆ, ನಕಾರಕ್ಕೆ ಎನ್, ಒತ್ತಿಗೆ ಎಫ್, ಡಕಾರಕ್ಕೆ ಡಬ್ಲ್ಯೂ. ಇಪ್ಪತ್ತು ವರ್ಷ ನುಡಿ ಕುಟ್ಟಿದ ಬೆರಳು ಇಲ್ಲಿ ದಾರಿ ತಪ್ಪುವುದಿಲ್ಲ. ಬರೆಯುವುದು ಮಾತ್ರ ಯೂನಿಕೋಡಿನಲ್ಲಿ.

ನಾಲ್ಕನೆಯದು ಕ್ರೋಮ್‌ಬುಕ್. 2011ರಲ್ಲಿ ಗೂಗಲ್ ಕಡೆಯಿಂದ ಬಂದದ್ದು. ಇಂಟರ್ನೆಟ್ ನೋಡುವ ಕಿಟಕಿಯೇ ಇದರ ಸರ್ವಸ್ವ. ಪತ್ರಿಕೆ ಓದುವುದು, ಪತ್ರ ಬರೆಯುವುದು, ದೂರದ ಮಕ್ಕಳ ಮುಖ ನೋಡಿ ಮಾತಾಡುವುದು, ಇಷ್ಟೇ ಸಾಕು ಅನ್ನುವವರಿಗೆ ತಲೆನೋವು ಕಡಿಮೆ. 2021ರಿಂದೀಚೆಗಿನ ಮಾದರಿಗಳಿಗೆ ಹತ್ತು ವರ್ಷ ತಾನಾಗಿಯೇ ರಿಪೇರಿ ಬರುತ್ತದೆ ಎಂದು ಕಂಪನಿ 2023ರಲ್ಲಿ ಮಾತು ಕೊಟ್ಟಿದೆ. ಹತ್ತು ವರ್ಷದ ಎಣಿಕೆ ಶುರುವಾಗುವುದು ಮಾದರಿ ಹೊರಬಂದಾಗಿನಿಂದ, ನೀವು ಕೊಂಡ ದಿನದಿಂದ ಅಲ್ಲ. ಇಂಟರ್ನೆಟ್ ಸರಿಯಿಲ್ಲದ ಕಡೆ ಇದರ ಆಟ ಹೆಚ್ಚು ನಡೆಯದು.

ಯಾವುದು ಒಳ್ಳೇದು ಎಂದು ಕೇಳುವುದು, ಯಾವ ಬಸ್ಸು ಒಳ್ಳೇದು ಎಂದು ಕೇಳಿದ ಹಾಗೆ. ನೀವು ಹೋಗುವ ಊರು ಯಾವುದು ಸ್ವಾಮಿ?

ಬುಲೆಟ್ ಕಲಿಸಿದ ಪಾಠ

"ಈ ವಯಸ್ಸಿಗೆ ಇದೆಲ್ಲಾ ತಲೆಗೆ ಹತ್ತುತ್ತೇನ್ರಿ?" ಇದು ಹಿರಿಯರ ಮಾತು. "ಅಜ್ಜಗೆ ತಿಳಿಯಂಗಿಲ್ಲ ಬಿಡು" ಇದು ಮನೆಮಂದಿಯ ಮಾತು. ಎರಡೂ ಅರ್ಧ ಸತ್ಯ.

ಹಳೇ ಬುಲೆಟ್ ಮೋಟಾರ್ ಸೈಕಲ್ ಓಡಿಸಿದವರಿಗೆ ಗೊತ್ತು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹೊಸ ಬುಲೆಟ್‌ನಲ್ಲಿ ಅದು ತಿರುವುಮುರುವು. ಮೂವತ್ತು ವರ್ಷ ಹಳೇದು ಓಡಿಸಿದ ಗಟ್ಟಿ ಸವಾರನೇ ಹೊಸದರಲ್ಲಿ ಬ್ರೇಕೆಂದು ಗೇರು ತುಳಿದ. ಎಂದೂ ಬುಲೆಟ್ ಹತ್ತದ ಹುಡುಗ ಎರಡೇ ದಿನಕ್ಕೆ ಕಲಿತ. ಹಾಗಾದರೆ ಸವಾರನಿಗೆ ಬುದ್ಧಿ ಕಡಿಮೆಯೇ? ಅಲ್ಲ. ಅವನ ಕಾಲಿಗೆ ಹಳೇ ವಿದ್ಯೆ ಚೆನ್ನಾಗಿ ಬಂದಿತ್ತು, ಅದೇ ತೊಡಕು.

ಲ್ಯಾಪ್‌ಟಾಪಿನಲ್ಲೂ ಇದೇ ಕಥೆ. ಇಪ್ಪತ್ತು ವರ್ಷ ಒಂದೇ ಜಾಗ ಒತ್ತಿದ ಬೆರಳು ಕೇಳದೆಯೇ ಅಲ್ಲಿಗೆ ಹೋಗುತ್ತದೆ. ಮರೆಯುವುದಕ್ಕೆ ಸಮಯ ಬೇಕು, ಕಲಿಯುವುದಕ್ಕೆ ಸಮಯ ಬೇಕು. ವಯಸ್ಸಾದವರಿಗೆ ಕಲಿಕೆ ನಿಧಾನ ಎಂಬುದು ನಿಜ. ಆಗುವುದೇ ಇಲ್ಲ ಎಂಬುದು ಸುಳ್ಳು. ಹಳೇದನ್ನೂ ಹೊಸದನ್ನೂ ಒಟ್ಟಿಗೆ ಬಳಸುತ್ತಾ ಹೋದರೆ ಬೆರಳು ಗಲಿಬಿಲಿಗೊಳ್ಳುತ್ತದೆ. ಗಂಟು ಸಾಗಿಸಿದ ಮೇಲೆ ಹೊಸದರಲ್ಲೇ ದಿನಕ್ಕೊಂದು ಕೆಲಸ ಮಾಡುವುದು ಒಳ್ಳೇದು. ಇವತ್ತು ಒಂದು ಪತ್ರ. ನಾಳೆ ಒಂದು ಫೋಟೋ. ನಾಡಿದ್ದು ಒಂದು ಬಿಲ್ಲು.

ಕಣ್ಣಿನ ವಿಷಯ ಬೇರೆ. ಚಾಳೀಸು ಬಂದವರಿಗೆ ಸಣ್ಣಕ್ಷರ ಕಾಣುವುದಿಲ್ಲ, ಬೆರಳು ಸಣ್ಣಗೆ ನಡುಗುವವರಿಗೆ ಎರಡು ಸಲ ಟಕಟಕ ಒತ್ತಲು ಆಗುವುದಿಲ್ಲ. ಅಕ್ಷರ ದೊಡ್ಡದು ಮಾಡುವುದು, ಬಾಣದ ಗುರುತು ದಪ್ಪ ಮಾಡುವುದು ಈ ನಾಲ್ಕು ಬಸ್ಸುಗಳಲ್ಲೂ ಸಾಧ್ಯ. ಕೊಂಡ ದಿನವೇ ಅಂಗಡಿಯಲ್ಲೇ ಕೂತು ಇದನ್ನು ಮಾಡಿಸಿಕೊಂಡು ಬರಬೇಕು. ಚಪ್ಪಲಿ ಕೊಂಡರೆ ಹಾಕಿ ನಡೆದು ನೋಡುವುದಿಲ್ಲವೇ?

ಕೀಲಿ ಯಾರ ಕೈಲಿ?

ವಿದ್ಯಾನಗರದಲ್ಲಿ ಒಬ್ಬರು ನಿವೃತ್ತ ಬ್ಯಾಂಕ್ ಉದ್ಯೋಗಿ ಇದ್ದಾರೆ. ಅರವತ್ತೆಂಟರ ಹೆಣ್ಣುಮಗಳು. ಯಜಮಾನರು ತೀರಿಕೊಂಡಿದ್ದಾರೆ, ಮಗಳು ಅಮೆರಿಕದಲ್ಲಿ. ಎದುರು ಮನೆಯ ಕಾಲೇಜು ಹುಡುಗ ಹಳೇ ಲ್ಯಾಪ್‌ಟಾಪಿಗೇ ಲಿನಕ್ಸ್ ಹಾಕಿಕೊಟ್ಟ. ದಿನಾ ಸಂಜೆ ಏನೋ ಒಂದು ಕೇಳಲು ಅವನನ್ನು ಕರೆಯಬೇಕು. ಹುಡುಗ ಬೇಜಾರಿಲ್ಲದೆ ಬರುತ್ತಿದ್ದ. ಬಂದವನೇ ಪಟಪಟ ಒತ್ತಿ "ಆಯ್ತು ಆಂಟಿ" ಎಂದು ಎದ್ದು ಹೋಗುತ್ತಿದ್ದ. ಕೆಲಸ ಆಗುತ್ತಿತ್ತು, ಕಲಿಕೆ ಆಗುತ್ತಿರಲಿಲ್ಲ.

ನಾಲ್ಕನೇ ದಿನ ಆಕೆ ಒಂದು ನಿಯಮ ಮಾಡಿದರು. "ನೀನು ಕೀಲಿ ಮುಟ್ಟಬ್ಯಾಡಪ್ಪಾ. ಬಾಯಲ್ಲಿ ಹೇಳು, ನಾನು ಒತ್ತತೀನಿ." ಒಂದು ನೋಟ್‌ಬುಕ್ಕಿಟ್ಟು ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡರು. ಬ್ಯಾಂಕಿನಲ್ಲಿ ಲೆಡ್ಜರ್ ಹೋಗಿ ಕಂಪ್ಯೂಟರ್ ಬಂದಾಗಲೂ ಹೀಗೇ ಕಲಿತದ್ದಂತೆ. ಒಂದು ತಿಂಗಳಲ್ಲಿ ಹುಡುಗನ ಬರವು ವಾರಕ್ಕೊಮ್ಮೆಗೆ ಇಳಿಯಿತು. ಈಗ ಮಗಳಿಗೆ ತಾವೇ ಕರೆ ಮಾಡುತ್ತಾರೆ, ಪಿಂಚಣಿ ಬಂತೋ ಇಲ್ಲವೋ ತಾವೇ ನೋಡುತ್ತಾರೆ.

ಇದು ಬರೀ ಸ್ವಾಭಿಮಾನದ ಮಾತಲ್ಲ. ಪಾಸ್‌ವರ್ಡ್ ಮೊಮ್ಮಗನಿಗೆ ಗೊತ್ತು, ಖಾತೆ ಮೊಮ್ಮಗನ ಫೋನ್ ನಂಬರಿಗೆ ಕಟ್ಟಿದೆ, ಮೊಮ್ಮಗ ಹಾಸ್ಟೆಲಿಗೆ ಹೋದ. ಅಜ್ಜನ ಲ್ಯಾಪ್‌ಟಾಪಿಗೆ ಅಜ್ಜನೇ ಹೊರಗಿನವನಾದ! ಹೊಸದರಲ್ಲಿ ಖಾತೆ ತೆರೆಯುವಾಗ ತಮ್ಮದೇ ಫೋನ್ ನಂಬರ್ ಕೊಡಬೇಕು. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಮನೆಯ ಪತ್ರಗಳಿರುವ ಬೀರುವಿನಲ್ಲಿ ಇಡಬೇಕು. ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸಬಾರದು.

ಇನ್ನೊಂದು ಅಪಾಯ. ಹೀಗೆ ಜನ ಗೊಂದಲದಲ್ಲಿ ಇರುವ ಹೊತ್ತು ಮೋಸಗಾರರಿಗೆ ಸುಗ್ಗಿ. "ಕಂಪ್ಯೂಟರ್ ಕಂಪನಿಯಿಂದ ಮಾತಾಡ್ತಿದೀವಿ, ನಿಮ್ಮ ಲ್ಯಾಪ್‌ಟಾಪಿಗೆ ವೈರಸ್ ಬಂದಿದೆ" ಎಂದು ಯಾರಾದರೂ ತಾವಾಗಿ ಫೋನು ಮಾಡಿದರೆ, ಅದು ಮೋಸವೇ ಎಂದು ತಿಳಿಯಬೇಕು. ಯಾವ ಕಂಪನಿಯೂ ಹಾಗೆ ಮನೆ ಮನೆಗೆ ಫೋನು ಮಾಡಿ ಹೇಳುವುದಿಲ್ಲ. ಅವರು ಹೇಳಿದ್ದನ್ನು ಒತ್ತಬಾರದು, ಓಟಿಪಿ ಹೇಳಬಾರದು. ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಹಳೇದಕ್ಕೆ ಯಾವ ಗತಿ?

ಗಂಟು ಸಾಗಿಸಿದ್ದಾಯಿತು, ಹೊಸದು ಪಳಗಿತು. ಹಳೇದನ್ನು ಏನು ಮಾಡುವುದು? ಗುಜರಿಯವನ ತಕ್ಕಡಿಗೆ ಹಾಕುವುದು ಎಲ್ಲರಿಗೂ ಸುಲಭ. ಆದರೆ ಅದರ ಹೊಟ್ಟೆಯಲ್ಲಿ ಬ್ಯಾಂಕ್ ಕಾಗದದಿಂದ ಆಧಾರ್ ನಕಲಿನವರೆಗೆ ಎಲ್ಲವೂ ಇರುತ್ತದೆ. ಕಡತವನ್ನು ಕಸದ ಬುಟ್ಟಿಯ ಗುರುತಿಗೆ ಎಳೆದು ಹಾಕಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಬಲ್ಲವರು ಮತ್ತೆ ಎತ್ತಬಹುದು. ಕೊಡುವ ಮೊದಲು ಪೂರಾ ಅಳಿಸಿಸಬೇಕು, ಇಲ್ಲವೇ ಹಾರ್ಡ್‌ಡಿಸ್ಕ್ ಬಿಚ್ಚಿಸಿ ಇಟ್ಟುಕೊಳ್ಳಬೇಕು. ಇಂಥ ತ್ಯಾಜ್ಯಕ್ಕೆ 2022ರಲ್ಲಿ ಮಾಡಿದ ಕೇಂದ್ರದ ನಿಯಮಗಳಿವೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕಾದ ಮಾಲು ಅದು. ಬೀದಿಯಲ್ಲಿ ಸುಟ್ಟು ತಾಮ್ರ ತೆಗೆಯುವವರಿಗಲ್ಲ.

ಇನ್ನೂ ಗಟ್ಟಿಯಾಗಿದ್ದರೆ ಸಾಯಿಸುವುದೇಕೆ? ಕಡತಗಳ ನಕಲು ತೆಗೆದುಕೊಂಡು, ಲಿನಕ್ಸ್ ಹಾಕಿಸಿ ಓದುವ ಮಗುವಿಗೆ ಕೊಟ್ಟರೆ ಇನ್ನಷ್ಟು ವರ್ಷ ದುಡಿಯುತ್ತದೆ.

ನಕಲಿನ ಮಾತು ಬಂದದ್ದಕ್ಕೆ ಕೊನೆಯದಾಗಿ ಒಂದು ಮಾತು. ಒಂದೇ ಕಡೆ ಇದ್ದ ಗಂಟು ಗಂಟಲ್ಲ. ಒಂದು ಹೊಸ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಆ ಹಾರ್ಡ್‌ಡಿಸ್ಕು ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇದ್ದರೆ ಮಳೆ ಬರಲಿ, ಕಳ್ಳ ಬರಲಿ, ಕಂಪನಿ ಮತ್ತೊಮ್ಮೆ ಲೆಕ್ಕ ಮುಚ್ಚಲಿ, ನಿದ್ದೆ ಕೆಡುವುದಿಲ್ಲ.

ಕಂಪನಿ ಮತ್ತೆ ಲೆಕ್ಕ ಮುಚ್ಚಿಯೇ ಮುಚ್ಚುತ್ತದೆ, ಅದರಲ್ಲಿ ಅನುಮಾನ ಬೇಡ. ಎಕ್ಸ್‌ಪಿ ಹೋಯಿತು, 7 ಹೋಯಿತು, 10 ಹೋಯಿತು. ಈಗ ಹೊಸದೆಂದು ಅರಿಶಿನ ಕುಂಕುಮ ಹಚ್ಚಿಸಿಕೊಂಡದ್ದಕ್ಕೂ ಒಂದು ದಿನ ಇದೇ ಗತಿ. ಮಷೀನು ಕಂಪನಿಯವರದು, ಅವರ ಮರ್ಜಿ. ಅದರಲ್ಲಿ ಬರೆದ ಹಾಡು, ಇಟ್ಟ ಲೆಕ್ಕ, ಮಕ್ಕಳ ಮುಖ ಮಾತ್ರ ನಿಮ್ಮದು. ಅವನ್ನು ಯಾವ ಮಷೀನಿಗಾದರೂ ಹೋಗಬಲ್ಲ ರೂಪದಲ್ಲಿ ಇವತ್ತೇ ಕಟ್ಟಿಟ್ಟವರು, ಮುಂದಿನ ಸಲ ನಿಲ್ದಾಣದಲ್ಲಿ ಯಾವ ಬಸ್ಸು ಬಂದರೂ ನಿರಾಳವಾಗಿ ಹತ್ತಬಹುದು. ಎಪ್ಪತ್ತಾಗಿರಲಿ, ಎಂಬತ್ತಾಗಿರಲಿ!